ನನ್ನ ಕಾರಿನ ಮೂಗಿನಿಂದ ಇಂಜಿನ್ನಿಗೆ ಮಳೆನೀರು ಹೋಗಿಲ್ಲ

ನಂಬದೆ ಇರಿ ನೋಡೋಣ. ಹೋದ ವರ್ಷ ದಸರಾ ಮುಗಿದ ಮೇಲಿನ ಗುರುವಾರ, ಹಾಡಹಗಲಲ್ಲಿ, ಹುಣಸೂರು ರಸ್ತೆಯ ಮಧ್ಯೆ, ಸುರಿಯುವ ಮಳೆಯಲ್ಲಿ ನನ್ನ ಕಾರು ರಕ್ತ ಕಾರಿತು. ಬಾನೆಟ್ಟಿನ ಮೇಲೆ ಎರಡು ಧಾರೆ, ಬಂಪರಿನ ಕೆಳಗೆ ಒಂದು ಧಾರೆ, ಕೆಂಪಗೆ. ಸುಳ್ಳು ಅನ್ನಿಸಿದರೆ ಇಲ್ಲೇ ಓದು ನಿಲ್ಲಿಸಿ ಹೋಗಿ ಕಾಫಿ ಕುಡಿಯಿರಿ. ನಿಮ್ಮ ಕೈಲಿ ನಿಲ್ಲಿಸೋಕೆ ಆಗಲ್ಲ ಅಂತ ನನಗೆ ಗೊತ್ತು. ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ನಾನು. ಹಿಂದೆ ಕೂತವರು ಯಾವಾಗ ತೂಕಡಿಸುತ್ತಾರೆ, ಯಾವಾಗ ಕಣ್ಣು ಬಿಡುತ್ತಾರೆ ಅನ್ನುವುದು ಕನ್ನಡಿ ನೋಡದೆ ತಿಳಿಯುತ್ತದೆ.

ಈ ಬರಹದಲ್ಲಿ ಒಂದೇ ಒಂದು ಸುಳ್ಳಿದೆ. ರಕ್ತ ಕಾರಿದ್ದು ಆ ಸುಳ್ಳಲ್ಲ. ಬೇಕಾದರೆ ಹುಡುಕಿಕೊಂಡು ಬನ್ನಿ.

ಮೊದಲು ಕಾರು. ಡೀಸೆಲ್ ಗಾಡಿ, ಬಿಳಿ ಬಣ್ಣ. ಬಾನೆಟ್ಟಿನ ಮೇಲೆ ಒಂದು ಉಬ್ಬು, ಉಬ್ಬಿನ ಮುಂದೆ ಅಗಲವಾದ ಬಾಯಿ. ನಾನು ಅದನ್ನು ಮೂಗು ಅನ್ನುತ್ತೇನೆ. ನಮ್ಮ ಸಿದ್ಧಾರ್ಥನಗರದ ಬೀದಿಯಲ್ಲಿ ಹತ್ತಾರು ಕಾರುಗಳಿವೆ, ಮೂಗಿರುವುದು ನನ್ನದಕ್ಕೆ ಮಾತ್ರ. ಉಳಿದವೆಲ್ಲ ಬೋಳು ಮುಖದವು.

ಆ ಮೂಗಿನ ಕೆಲಸ ಏನು ಅಂತ ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಮೈಸೂರಿನಲ್ಲಿ ಇದನ್ನು ತಿಳಿದವರು ಇಬ್ಬರೇ, ನಾನು ಮತ್ತು ಉದಯಗಿರಿಯ ನನ್ನ ಗಾಡಿ ರಿಪೇರಿ ಮೇಸ್ತ್ರಿ. ಮೂಗಿನ ಕೆಳಗೆ ಜಾಲರಿಯ ಹಾಗಿರುವ ಒಂದು ಪೆಟ್ಟಿಗೆ ಇದೆ, ಇಂಟರ್‌ಕೂಲರ್ ಅನ್ನುತ್ತಾರೆ. ಇಂಜಿನ್ನಿಗೆ ಹೋಗುವ ಬಿಸಿಗಾಳಿ ಆ ಪೆಟ್ಟಿಗೆಯ ಒಳಗೆ ಹಾದು ತಣ್ಣಗಾಗುತ್ತದೆ. ಮೂಗಿನಿಂದ ನುಗ್ಗುವ ಗಾಳಿ ಪೆಟ್ಟಿಗೆಯ ಹೊರಮೈಗೆ ಬಡಿದು ಕೆಳಗೆ ಹೋಗುತ್ತದೆ, ಅಷ್ಟೇ. ಇಂಜಿನ್ ಉಸಿರಾಡುವ ದಾರಿಯೇ ಬೇರೆ, ಅದು ಹೆಡ್‌ಲೈಟಿನ ಹಿಂದೆ ಒಂದು ಮೂಲೆಯಲ್ಲಿದೆ. ಹಾಗಾಗಿ ಮಳೆನೀರು ಮೂಗಿನೊಳಗೆ ಬಿದ್ದರೆ ಆಗುವುದು ಇಷ್ಟೇ: ಪೆಟ್ಟಿಗೆಗೆ ತಣ್ಣೀರು ಸ್ನಾನ. ಬೇಸಿಗೆಯಲ್ಲಿ ನೀವು ತಲೆಗೆ ನೀರು ಹಾಕಿಕೊಂಡರೆ ಶ್ವಾಸಕೋಶಕ್ಕೆ ನೀರು ಹೋಗುತ್ತದೆಯೇ? ಹೋಗುವುದಿಲ್ಲ ತಾನೇ? ಮತ್ತೆ ನನ್ನ ಕಾರಿನ ಮೇಲೆ ಯಾಕ್ರೀ ಅನುಮಾನ?

ಅನುಮಾನ ಹುಟ್ಟಿಸಿದ್ದು ಯಾರು ಅಂತ ನೀವು ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನೇ. ಕಾರು ಮನೆಗೆ ಬಂದ ದಿನ ಎದುರು ಮನೆಯ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಬಂದರು. ಭೂಗೋಳ ಪಾಠ ಮಾಡಿ ನಿವೃತ್ತರಾದವರು.

"ಇದೇನು ಸ್ವಾಮಿ, ಬಾನೆಟ್ ಮೇಲೆ ತೂತು?"

"ಮಳೆನೀರು ಹಿಡಿಯೋಕೆ ಮೇಷ್ಟ್ರೇ. ಒಳಗೆ ಡೀಸೆಲ್ ಜೊತೆ ಬೆರೆಯುತ್ತೆ. ಮಳೆಗಾಲದಲ್ಲಿ ಅರ್ಧಕ್ಕರ್ಧ ಡೀಸೆಲ್ ಉಳಿಯುತ್ತೆ."

"ಹೌದಾ! ಎಷ್ಟು ಮುಂದುವರಿದ್ಬುಟ್ಟಿದೆ ನೋಡಿ ಪ್ರಪಂಚ."

ನಾನು ನಗಲಿಲ್ಲ. ನಗದೆ ಹೇಳುವುದರಲ್ಲೇ ನನ್ನ ಹೆಚ್ಚುಗಾರಿಕೆ ಇರುವುದು. ಬಸ್ಸಿನಲ್ಲಿ ಕಂಡಕ್ಟರುಗಳನ್ನೇ ಎಷ್ಟು ಸಲ ಯಾಮಾರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಮೇಷ್ಟ್ರು ಅದನ್ನು ಬೀದಿಗೆಲ್ಲ ಪಾಠ ಮಾಡಿಬಿಟ್ಟರು. ನಾಲ್ಕು ಬಾಯಿ ದಾಟುವಷ್ಟರಲ್ಲಿ ಡೀಸೆಲ್ ಉಳಿಯುತ್ತೆ ಅನ್ನುವ ಭಾಗ ಉದುರಿಹೋಗಿ, ನೀರು ಇಂಜಿನ್ನಿಗೆ ಹೋಗುತ್ತೆ ಅನ್ನುವ ಭಾಗ ಮಾತ್ರ ಉಳಿಯಿತು. ಆಮೇಲೆ ಆಕಾಶದಲ್ಲಿ ಕರವಸ್ತ್ರದಷ್ಟು ಮೋಡ ಕಂಡರೂ ಮೇಷ್ಟ್ರು ಕಾಂಪೌಂಡಿನಿಂದ ಕೂಗುತ್ತಿದ್ದರು, "ಸ್ವಾಮಿ, ಮೋಡ ಆಗ್ತಾ ಐತೆ, ಮೂಗಿಗೇನಾದ್ರೂ ಮುಚ್ಚಿ!" ಮೋಡ ಎಲ್ಲಿಂದ ಬರುತ್ತದೆ ಅಂತ ಮಕ್ಕಳಿಗೆ ಹೇಳಿಕೊಟ್ಟವರಿಗೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲ. ನಾನು ನಿಜ ಹೇಳಲು ಹೋದೆ. ಇಂಟರ್‌ಕೂಲರ್ ಅಂದೆ, ಜಾಲರಿ ಅಂದೆ. ಅವರು ನಕ್ಕು, "ನೀವು ಬುಡಿ, ತಮಾಷೆ ಮನುಷ್ಯರು" ಅಂದರು. ಸುಳ್ಳನ್ನು ಒಂದೇ ಏಟಿಗೆ ನಂಬಿದವರು ನಿಜವನ್ನು ತಮಾಷೆ ಅಂದರು. ಎಷ್ಟು ಉರಿಯಬೇಡ ನನಗೆ!

ನಮ್ಮ ಅಳಿಯಂದಿರೂ ನಂಬಿದ್ದು ಮೇಷ್ಟ್ರನ್ನೇ. ಅವರು ಹುಣಸೂರು ರಸ್ತೆಯ ಕಡೆ ಒಂದು ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತಾರೆ, ನಮ್ಮ ಪಕ್ಕದ ಬೀದಿಯಲ್ಲೇ ಮನೆ. ಒಳ್ಳೆಯವರು. ನನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಅಷ್ಟರಿಂದ ಇಂಜಿನ್ ವಿಷಯ ತಿಳಿದಂತಾಯಿತೇ?

ಯುಗಾದಿಯ ಆಸುಪಾಸಿನಲ್ಲಿ ಒಂದು ದಿನ ನಾನು ರಿವರ್ಸ್ ತೆಗೆಯುವಾಗ ಮೇಷ್ಟ್ರ ಗೇಟು ನನ್ನ ಬಂಪರಿಗೆ ತಗುಲಿತು. ಗೇಟು ತಗುಲಿತು ಅನ್ನುವುದೇ ಸರಿ. ಅರ್ಧ ತೆರೆದಿಟ್ಟುಕೊಂಡು ರಸ್ತೆಗೆ ಚಾಚಿಕೊಂಡಿದ್ದು ಅದು, ನಾನಲ್ಲ. ಮೇಷ್ಟ್ರು ನನ್ನ ಹತ್ತಿರ ಒಂದು ಮಾತೂ ಆಡದೆ ಸೀದಾ ಅಳಿಯಂದಿರಿಗೆ ಫೋನು ಮಾಡಿದರು. ಆ ಭಾನುವಾರ ಉಪ್ಪಿಟ್ಟಿನ ಮುಂದೆ ತೀರ್ಪಾಯಿತು.

"ಮಾವ, ಇನ್ನೊಂದು ಸಲ ನಿಮ್ಮಿಂದ ಏನಾದ್ರೂ ಆದ್ರೆ ಕೀ ನನ್ನ ಕೈಗೆ ಕೊಟ್ಬುಡಬೇಕು. ಆ ಗಾಡಿನೂ ಮಾರ್ಬುಡೋಣ. ಮಳೇಲಿ ಎಲ್ಲಾದ್ರೂ ನಿಂತ್ರೆ ಅತ್ತೆ ಗತಿ ಏನು?"

"ಮೂವತ್ತನಾಲ್ಕು ವರ್ಷದಲ್ಲಿ ಒಂದು ಕೋಳಿ ಗುದ್ದಿಲ್ಲ ನಾನು."

"ಕೋಳಿ ಅಡ್ಡ ಬಂದಿರಲ್ಲ ಮಾವ."

ಅತ್ತೆ, ಅಂದರೆ ನನ್ನ ಹೆಂಡತಿ, ಉಪ್ಪಿಟ್ಟು ಬಡಿಸುತ್ತಿದ್ದಳು. ಅವಳಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ, ಆಟೋದಲ್ಲಿ ಮಡಚಿಕೊಂಡು ಕೂರುವ ಹಾಗಿಲ್ಲ. ಪ್ರತಿ ಗುರುವಾರ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು, ಊರಿನ ಈ ತುದಿಯಿಂದ ಆ ತುದಿಗೆ, ಹಿನಕಲ್‌ನಲ್ಲಿರುವ ಅವಳ ಅಕ್ಕನ ಮನೆಗೆ ಹೋಗುತ್ತಾಳೆ. ಅಕ್ಕ ತಂಗಿ ಊಟ ಮಾಡುತ್ತಾರೆ, ಐವತ್ತು ವರ್ಷದ ಹಿಂದಿನ ಒಂದು ರೇಷ್ಮೆ ಸೀರೆಯ ವಿಷಯಕ್ಕೆ ಜಗಳ ಆಡುತ್ತಾರೆ, ನಾಲ್ಕು ಗಂಟೆಗೆ ಅವಳು ಮುಖ ಊದಿಸಿಕೊಂಡು ಕಾರು ಹತ್ತುತ್ತಾಳೆ. ಬುಧವಾರ ಸಂಜೆ ಹೊತ್ತಿಗೆ ಅಕ್ಕನಿಗೆ ಅಂತ ಚಟ್ನಿಪುಡಿ ಕಟ್ಟುತ್ತಿರುತ್ತಾಳೆ. ಕೀ ಹೋದರೆ ನನ್ನ ಕೈಗೆ ಮಾತ್ರವಲ್ಲ, ಅವಳ ಗುರುವಾರಕ್ಕೂ ಬೀಗ.

ಈಗ ಆಯುಧಪೂಜೆಗೆ ಬರೋಣ. ಇಡೀ ಮೈಸೂರು ಆವತ್ತು ಗಾಡಿ ತೊಳೆಯುತ್ತದೆ. ನಾನೂ ತೊಳೆದೆ. ಬಾಳೆಕಂದು ಕಟ್ಟಿದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ನನ್ನ ಹೆಂಡತಿ ಬಾನೆಟ್ಟಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಮೂಗಿನ ಮೇಲೆ ಚೆಂಡುಹೂವಿನ ಹಾರ ಇಳಿಬಿಟ್ಟಳು. ಬೂದುಗುಂಬಳಕಾಯಿಗೆ ಕಿಂಡಿ ಕೊರೆದು, ಒಳಗೆ ಕುಂಕುಮ ತುಂಬಿ, ದೃಷ್ಟಿ ಇಳಿ ತೆಗೆದು ರಸ್ತೆಗೆ ಒಡೆದಿದ್ದಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ಅವಳು ಕುಂಬಳಕಾಯಿಯ ಒಂದು ದಪ್ಪ ಹೋಳನ್ನು ಎತ್ತಿಕೊಂಡಳು. ಉಳಿದಿದ್ದ ಕುಂಕುಮದ ಪೊಟ್ಟಣವನ್ನು ಪೂರ್ತಿ ಅದರ ಮೇಲೆ ಸುರಿದಳು. ಗೋಡೆಯ ಗೂಡಿನಲ್ಲಿ ದೀಪ ಇಡುವ ಹಾಗೆ ಅದನ್ನು ಕಾರಿನ ಮೂಗಿನೊಳಗೆ ತುರುಕಿ, ಮುಂದೆ ಹಾರ ಸರಿಮಾಡಿ, ಏನೂ ಆಗದವಳ ಹಾಗೆ ಹೋದಳು.

ನೋಡಿ ಹೆಂಗಸರ ಭಕ್ತಿ! ಗಾಳಿಯಾಡುವ ಜಾಗಕ್ಕೆ ಕುಂಬಳಕಾಯಿ ತುರುಕುವವರನ್ನು ಏನನ್ನಬೇಕು? ದೇವರ ಮೂಗಿಗೆ ಯಾರಾದರೂ ಹೀಗೆ ಮಾಡುತ್ತಾರೆಯೇ?

ಹಬ್ಬದ ಹಾರವನ್ನು ತಾನಾಗಿ ಒಣಗಿ ಬೀಳುವವರೆಗೆ ತೆಗೆಯುವ ಹಾಗಿಲ್ಲ, ಅದು ನಮ್ಮ ಮನೆಯ ಕಟ್ಟಳೆ. ಹಾರದ ಹಿಂದೆ ಹೋಳು ಒಂದು ವಾರ ಬಿಸಿಲಿಗೆ ಬೆಂದಿತು. ಆ ವಾರವೆಲ್ಲ ಸಂಜೆಗೆ ಮೋಡ ಬಂತು, ಮಳೆ ಬರಲಿಲ್ಲ.

ಬಂದಿದ್ದು ಗುರುವಾರ. ಹಿನಕಲ್‌ನಿಂದ ಹೊರಡುವಾಗ ಫೋನು. "ಮಾವ, ಮಳೆ ಶುರುವಾಗಂಗೈತೆ, ನನ್ನ ಸ್ಕೂಟರ್ ಸರ್ವೀಸ್‌ಗೆ ಬುಟ್ಟಿದೀನಿ. ನನ್ನೂ ಹತ್ತಿಸ್ಕೊಳ್ತೀರಾ?" ಮಾರಬೇಕಾದ ಗಾಡಿ ಮಳೆ ಬಂದಾಗ ಬೇಕಾಯಿತು ನೋಡಿ. ಕಾಲೇಜಿನ ಮುಂದೆ ಹತ್ತಿಸಿಕೊಂಡೆ. ಪಕ್ಕದ ಸೀಟಿನಲ್ಲಿ ಕೂತವರೇ ಬಾನೆಟ್ಟಿನ ಕಡೆ ಕಣ್ಣು ನೆಟ್ಟರು.

ಅರ್ಧ ಮೈಲಿ ಹೋಗಿಲ್ಲ, ಕೊಡ ಬಗ್ಗಿಸಿದ ಹಾಗೆ ಸುರಿಯಿತು. ಅದೇ ಹೊತ್ತಿಗೆ ಕಾರಿನ ಎಳೆತ ಕಮ್ಮಿಯಾಯಿತು. ಆಕ್ಸಲರೇಟರ್ ಒತ್ತಿದರೆ ಗೊರಗೊರ ಅನ್ನುತ್ತದೆ, ಮುಂದಕ್ಕೆ ಜಿಗಿಯುವುದಿಲ್ಲ.

"ನೀರು ಹೋಗ್ತಾ ಐತೆ ಮಾವ! ಮೂಗಿನಿಂದ ಇಂಜಿನ್ನಿಗೆ ಹೋಗ್ತಾ ಐತೆ! ನಿಲ್ಸಿ!"

"ಅಳಿಯಂದಿರೇ, ಇಂಜಿನ್ನಿಗೆ ನೀರು ಹೋಗಿದ್ರೆ ನಿಮ್ಮ ಮಾತು ಮುಗಿಯೋದ್ರೊಳಗೆ ಗಾಡಿ ಸತ್ತಿರೋದು. ಓಡ್ತಾ ಐತಲ್ಲ."

"ಅಯ್ಯೋ ಮಾವ, ಏನದು ಕೆಂಪಗೆ?"

ನಾನೂ ನೋಡಿದೆ. ಮೂಗಿನಿಂದ ಕೆಂಪು ನೀರು ಎರಡು ಧಾರೆಯಾಗಿ ಬಾನೆಟ್ಟಿನ ಮೇಲೆ ಹರಿದು ಗಾಜಿಗೆ ಹತ್ತಿತು. ವೈಪರು ಅದನ್ನು ಆ ಕಡೆಯಿಂದ ಈ ಕಡೆಗೆ ಬಳಿಯಿತು. ಅಳಿಯಂದಿರು ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದೇಬಿಟ್ಟರು. ಇದನ್ನು ಚೆನ್ನಾಗಿ ನೆನಪಿಡಿ. ಕಾರು ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದರು.

ಹಿಂದಿದ್ದ ಆಟೋದವನು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಯಜಮಾನ್ರೇ! ಯಾರ್ನೋ ಗುದ್ಬುಟ್ಟು ಬಂದಿದೀರಲ್ರೀ!"

"ನಿನ್ನನ್ನೇ ಗುದ್ತೀನಿ ಈಗ!"

"ಬಂಪರ್ ಕೆಳಗೆ ನೋಡ್ರೀ, ಹೆಂಗೆ ಸುರೀತಾ ಐತೆ!"

ರೈನ್‌ಕೋಟು ಹಾಕಿಕೊಂಡು ಸ್ಕೂಟರಿನಲ್ಲಿದ್ದ ಒಬ್ಬ ಹೆಂಗಸು, "ಅಯ್ಯೋ ಶಿವನೇ, ಗಾಡಿ ಕೆಳಗೆ ಯಾರೋ ಇದಾರೆ" ಅಂದುಬಿಟ್ಟಳು. ಆಮೇಲೆ ಕೇಳಬೇಕೇ? ಆ ಮಳೆಯಲ್ಲಿ ಹದಿನೈದು ಇಪ್ಪತ್ತು ಜನ ಬಗ್ಗಿ ನನ್ನ ಕಾರಿನ ಹೊಟ್ಟೆಯ ಕೆಳಗೆ ನೋಡಿದರು. ಒಬ್ಬ ಮಹಾನುಭಾವ ಕೊಡೆ ಮುಚ್ಚಿ, ಅದರ ತುದಿಯಿಂದ ಚಕ್ರದ ಹಿಂದೆ ತಿವಿದು ನೋಡಿದ. ಕೋಳಿಯನ್ನೂ ಗುದ್ದದ ನನಗೆ ಈ ಗತಿ! ನಾನು ಇಳಿದು ಕೂಗಾಡಿದೆ. ಕೂಗಾಡಿದಷ್ಟೂ ಜನಕ್ಕೆ ಅನುಮಾನ ಹೆಚ್ಚಾಯಿತು.

ಕೊನೆಗೆ ಟ್ರಾಫಿಕ್ ಪೊಲೀಸಿನವನು ಬಂದು, ಬಾನೆಟ್ಟಿನ ಮೇಲೆ ಬೆರಳು ಅದ್ದಿ, ಮೂಸಿ ನೋಡಿದ.

"ಕುಂಕುಮ ಕಣ್ರಪ್ಪ. ಜಾಗ ಖಾಲಿ ಮಾಡಿ ಎಲ್ಲಾ."

ಜನ ನಕ್ಕರು. ಬಗ್ಗಿದವರು ಎದ್ದರು. ಒಬ್ಬನಾದರೂ ಕ್ಷಮಿಸಿ ಅಂದನೇ? ಇಲ್ಲ. ಕೊಡೆಯವನ ಮುಖದಲ್ಲಂತೂ ಏನೋ ಕಳೆದುಕೊಂಡ ಬೇಸರ. ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು, ಖಾಲಿ ಚಟ್ನಿಪುಡಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅಳಿಯಂದಿರು ಬಗ್ಗಿ ಕೀ ತಿರುಗಿಸಿ ಇಂಜಿನ್ ಆರಿಸಿದರು.

"ಕುಂಕುಮದ ವಿಷಯ ಆಮೇಲೆ. ಎಳೆತ ಯಾಕಿಲ್ಲ? ನೀರು ಹೋಗೈತೆ. ಇನ್ನು ಸ್ಟಾರ್ಟ್ ಮಾಡಕೂಡದು. ಮೇಸ್ತ್ರಿ ಹತ್ರ ಎಳ್ಕೊಂಡು ಹೋಗೋಣ. ಅವರೇ ಹೇಳ್ಲಿ. ಗಾಡೀದು ತಪ್ಪಾದ್ರೆ ಗಾಡಿ ಮಾರೋದು. ನಿಮ್ದು ತಪ್ಪಾದ್ರೆ ಕೀ ನಂದು. ಒಪ್ಪಿಗೆನಾ?"

"ಎರಡೂ ಅಲ್ದೇ ಇದ್ರೆ?"

"ಅದೆಂಗ್ ಮಾವ?"

ತೆಂಗಿನಕಾಯಿ ಇಳಿಸಿ ವಾಪಸ್ಸು ಹೋಗುತ್ತಿದ್ದ ಒಂದು ಗೂಡ್ಸ್ ಗಾಡಿಯನ್ನು ನಿಲ್ಲಿಸಿ ಹಗ್ಗ ಕಟ್ಟಿಸಿದರು. ಸ್ಟಿಯರಿಂಗ್ ಹಿಡಿದು ಅವರೇ ಕೂತರು. ನನ್ನನ್ನು ಹಿಂದಿನ ಸೀಟಿಗೆ ಹಾಕಿದರು, ನನ್ನ ಕಾರಿನಲ್ಲಿ ನನ್ನನ್ನು! ಅಲ್ಲಿ ಕೂತು ನೋಡಿದರೆ ರಸ್ತೆಯೇ ಕಾಣುವುದಿಲ್ಲ, ಬರೀ ಅಳಿಯಂದಿರ ನೆತ್ತಿ. ಅಷ್ಟರಲ್ಲಿ ಮಳೆ ನಿಂತು ಜನ ಹೊರಗೆ ಬಂದಿದ್ದರು. ಮುಂದೆ ಹಗ್ಗ, ಬಾನೆಟ್ಟಿನ ಮೇಲೆ ಒದ್ದೆ ಹಾರ, ಮೈಯೆಲ್ಲ ಕುಂಕುಮ, ಒಳಗೆ ಮುದುಕ ಮುದುಕಿ. ದಸರಾ ಮೆರವಣಿಗೆಯಲ್ಲಿ ಜಾಗ ಸಿಗದವರೆಲ್ಲ ನಮ್ಮನ್ನು ನೋಡಿ ಆಸೆ ತೀರಿಸಿಕೊಂಡರು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಕೈ ಮುಗಿದರು. ನನ್ನ ಹೆಂಡತಿ ಡಬ್ಬ ಕೆಳಗಿಟ್ಟು ಅವರಿಗೆ ತಿರುಗಿ ಕೈ ಮುಗಿದಳು.

"ನಿಂಗೆ ನಾಚಿಕೆ ಆಗಲ್ವೇನೇ?" ಅಂದೆ.

"ನಂಗ್ಯಾಕೆ ನಾಚಿಕೆ?" ಅಂದಳು, ನಂಗೆ ಅನ್ನುವುದನ್ನು ಸ್ವಲ್ಪ ಒತ್ತಿ.

ಉದಯಗಿರಿಯ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ನನ್ನ ಬಸ್ಸಿನ ಕಾಲದಿಂದ ಪರಿಚಯ. ಹಗ್ಗ ನೋಡಿದರು, ಹಾರ ನೋಡಿದರು, ಹಿಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿದರು.

"ಏನ್ ಡ್ರೈವರ್ ಸಾಹೇಬ್ರೇ, ಪ್ಯಾಸೆಂಜರ್ ಆಗ್ಬುಟ್ರಾ?"

"ಮೊದ್ಲು ಬಾನೆಟ್ ತೆಗೀರಿ. ಇಂಜಿನ್ನಿಗೆ ಒಂದು ತೊಟ್ಟು ನೀರು ಹೋಗಿದ್ರೆ ನನ್ನ ಮೀಸೆ ಬೋಳಿಸಿ."

ಬಾನೆಟ್ಟು ಎತ್ತಿದರು. ಇಂಟರ್‌ಕೂಲರಿನ ಜಾಲರಿ ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ಕೊಳೆತ ಕುಂಬಳಕಾಯಿಯ ತಿರುಳು, ತಿರುಳಿಗೆ ಮೆತ್ತಿದ ಕುಂಕುಮ, ಕುಂಕುಮದ ಮೇಲೆ ಚೆಂಡುಹೂವಿನ ಎಸಳು, ಎಲ್ಲಾ ಸೇರಿ ಒಂದು ಅಂಗೈ ದಪ್ಪ.

"ಇಂಜಿನ್ನಿಗೆ ಮದುವೆ ಮಾಡ್ಸಿದೀರಾ ಸಾಹೇಬ್ರೇ?"

"ನೀರು ಹೋಗೈತಾ ನೋಡಿ" ಅಂದರು ಅಳಿಯಂದಿರು.

ಮೇಸ್ತ್ರಿ ಹೆಡ್‌ಲೈಟಿನ ಹಿಂದಿನ ಕೊಳವೆ ಬಿಚ್ಚಿ, ಏರ್ ಫಿಲ್ಟರ್ ಹೊರಗೆ ತೆಗೆದು ಅಳಿಯಂದಿರ ಕೈಗೇ ಕೊಟ್ಟರು. "ಮುಟ್ಟಿ ನೋಡಿ ಸಾರ್."

ಅಳಿಯಂದಿರು ಮುಟ್ಟಿದರು. ಕಾಗದ ಗರಿಗರಿಯಾಗಿತ್ತು. ಒಣ ಹಪ್ಪಳದ ಹಾಗೆ.

"ಗಾಡೀದೇನೂ ತಪ್ಪಿಲ್ಲ. ಈ ಪೆಟ್ಟಿಗೆಗೆ ಗಾಳಿ ಇಲ್ಲ, ಬಿಸಿ ಆಗೈತೆ, ಅದಕ್ಕೇ ಎಳೆತ ಇಲ್ಲ. ಮಳೆ ಬಂದು ಸ್ವಲ್ಪ ತೊಳೀತು, ಇಲ್ದಿದ್ರೆ ಇನ್ನೂ ಕಷ್ಟ ಆಗೋದು. ಮಳೆ ಉಪಕಾರ ಮಾಡೈತೆ ಸಾರ್."

ಕೇಳಿದಿರಾ? ಮಳೆ ಉಪಕಾರ ಮಾಡಿದೆ! ನಾನು ಇದನ್ನು ಮೇಷ್ಟ್ರಿಗೂ ಕೇಳಿಸಬೇಕು, ಫೋನು ಹಚ್ಚಿ ಅಂದೆ. ಯಾರೂ ಹಚ್ಚಲಿಲ್ಲ. ಅಳಿಯಂದಿರು ಏರ್ ಫಿಲ್ಟರನ್ನು ಹಿಂದಕ್ಕೆ ಕೊಟ್ಟು ನನ್ನ ಕಡೆ ತಿರುಗಿದರು. ಕೀ ಅವರ ಬೆರಳಲ್ಲಿ ತೂಗುತ್ತಿತ್ತು.

"ಸರಿ, ಗಾಡಿ ಮಾರೋದು ಬೇಡ. ಈಗ ಹೇಳಿ, ಇದನ್ನ ಅದ್ರೊಳಗೆ ಇಟ್ಟಿದ್ದು ಯಾರು?"

ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಹಿಂದಿನಿಂದ ದನಿ ಬಂತು.

"ನಾನು ಇಟ್ಟಿದ್ದು."

ನನ್ನ ಹೆಂಡತಿ ಕಾರಿನ ಬಾಗಿಲು ಹಿಡಿದುಕೊಂಡು ಇಳಿಯುತ್ತಿದ್ದಳು. ಮಂಡಿ ನೆಟ್ಟಗಾಗುವವರೆಗೆ ಎಲ್ಲರೂ ಕಾದರು.

"ಅತ್ತೆ, ನೀವಾ?"

"ಹೂಂ ಕಣಪ್ಪ. ದೇವ್ರಿಗೆ ಒಡೆದ ಕಾಯಿ, ರಸ್ತೇಲಿ ಯಾರಾದ್ರೂ ತುಳೀತಾರಲ್ಲ ಅಂತ ಎತ್ತಿಟ್ಟೆ. ಗೂಡಿದ್ದಂಗಿತ್ತು, ಇಟ್ಟೆ. ಪೂಜೆ ಮಾಡಿದ್ದು ತಪ್ಪಾಯ್ತಾ?"

ಅತ್ತೆಯ ಪೂಜೆಯನ್ನು ತಪ್ಪು ಅನ್ನುವ ಅಳಿಯ ಇನ್ನೂ ಹುಟ್ಟಿಲ್ಲ. ಅಳಿಯಂದಿರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೀರಿನ ಪೈಪು ಹುಡುಕಲು ಹೋದರು. ಅವಳು ಮೆಲ್ಲಗೆ ಬಂದು, ಅಳಿಯಂದಿರ ಬೆರಳಿನಿಂದ ಕೀ ಬಿಡಿಸಿಕೊಂಡು, ನನ್ನ ಅಂಗಿಯ ಜೇಬಿಗೆ ಹಾಕಿದಳು. ನಾನು ಆಗಲೂ ಸಿಟ್ಟು ಬಿಡಲಿಲ್ಲ. "ಇನ್ಮೇಲೆ ನನ್ನ ಗಾಡಿಗೆ ಪೂಜೆ ಮಾಡೋದಾದ್ರೆ ನನ್ನ ಕೇಳಿ ಮಾಡು" ಅಂತ ಎಲ್ಲರೆದುರಿಗೆ ರೇಗಿದೆ. "ಆಯ್ತು ಬುಡಿ" ಅಂದಳು.

ಮುಂದಿನ ಗುರುವಾರ ಮತ್ತೆ ಹಿನಕಲ್‌ಗೆ ಹೊರಟೆವು. ಮತ್ತೆ ಮಳೆ. ಕಾರು ಮೂಗಿನಿಂದ ನೀರು ಕುಡಿಯುತ್ತಾ ಆನೆಯ ಹಾಗೆ ಹೋಯಿತು. ಎದುರು ಮನೆಯ ಗೇಟು ದಾಟುವಾಗ ಮೇಷ್ಟ್ರು ಕೊಡೆ ಹಿಡಿದು ನಿಂತು ಏನೋ ಕೂಗುತ್ತಿದ್ದರು. ಗಾಜು ಏರಿಸಿದ್ದೆ, ಕೇಳಿಸಲಿಲ್ಲ.

ಹಿಂದಿನ ಸೀಟಿನಿಂದ ಮಾತು ಬಂತು. "ಅಲ್ಲಾ ಕಣ್ರೀ, ಆವತ್ತಿನ ಮಳೆ ಮೇಷ್ಟ್ರ ಗೇಟಿನ ಮುಂದೇನೇ ಬಂದಿದ್ರೆ ಎಷ್ಟು ಚೆನ್ನಾಗಿರೋದು ಅಲ್ವಾ?"

ನಾನು ಕನ್ನಡಿ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಈಗ ಆ ಒಂದು ಸುಳ್ಳು. ಆಯುಧಪೂಜೆಯ ದಿನ ಎಲ್ಲರೂ ಒಳಗೆ ಹೋದ ಮೇಲೆ ಹೋಳು ಎತ್ತಿಕೊಂಡು ಬಂದದ್ದು ನನ್ನ ಹೆಂಡತಿ ಅಂತ ಬರೆದೆನಲ್ಲ, ಅದು. ಬಂದವನು ನಾನು. ನಮ್ಮ ಮನೆಯಿಂದ ಮೇಷ್ಟ್ರ ಗೇಟಿನ ಕಡೆಗೆ ರಸ್ತೆ ಇಳಿಜಾರು. ಮೊದಲ ಮಳೆಗೆ ಅವರ ಹೊಸ ಬಣ್ಣದ ಗೇಟಿನ ಮುಂದೆ ಕೆಂಪು ಹೊಳೆ ಹರಿಯಬೇಕು, ಅವರು ಕೊಡೆ ಬಿಸಾಕಿ ಓಡಬೇಕು, ನಾನು ಜಗಲಿಯ ಮೇಲೆ ಕೂತು ನಗದೆ ನೋಡಬೇಕು ಅಂತಿದ್ದೆ. ಅಡುಗೆಮನೆಯ ಕಿಟಕಿಯಿಂದ ಅವಳು ನೋಡಿದ್ದಾಳೆ ಅನ್ನುವುದು ನನಗೆ ಉದಯಗಿರಿಯ ಶೆಡ್ಡಿನವರೆಗೆ ಗೊತ್ತಿರಲಿಲ್ಲ. ಅಳಿಯಂದಿರಿಗೆ ಈಗಲೂ ಗೊತ್ತಿಲ್ಲ. ಆ ಸುಳ್ಳನ್ನು ಕಟ್ಟಿದ್ದು ನಾನಲ್ಲ, ಅವಳು. ನಾನು ಸುಮ್ಮನೆ ಕದ್ದು ಇಲ್ಲಿ ಬರೆದೆ.